ಶಾಂತಕುಮಾರಿ ಮನೆ ಎದುರಿನ ಬೆಂಚು

ಕೂಡ್ಲಿಗಿಯ ಪಾರ್ಕಿಗೆ ಜನ ಒಂದೊಂದು ಕಾರಣಕ್ಕೆ ಬರುತ್ತಾರೆ. ಸಕ್ಕರೆ ಕಾಯಿಲೆಯವರು ಬೆಳಗ್ಗೆ ಕೈ ಬೀಸಿ ನಡೆಯಲು ಬರುತ್ತಾರೆ. ತಾಲೂಕು ಆಫೀಸಿಗೆ ಅರ್ಜಿ ಹಿಡಿದು ಬಂದ ಹಳ್ಳಿಯವರು ಬಸ್ಸು ಬರುವ ತನಕ ಮರದಡಿ ಕಾಲು ಚಾಚುತ್ತಾರೆ. ಹೆಂಡತಿಯ ಜೊತೆ ಮಾತು ಬಿಟ್ಟ ಗಂಡಸರು ಮೊಬೈಲು ನೋಡುತ್ತಾ ಕತ್ತಲಾಗಲಿ ಎಂದು ಕಾಯುತ್ತಾರೆ. ರೊಟ್ಟಿ ಹುಲುಗಮ್ಮ ಮಾತ್ರ ವರ್ಷ ಪೂರಾ, ಒಂದು ದಿನವೂ ತಪ್ಪದೆ, ಸೇಡು ತೀರಿಸಿಕೊಳ್ಳಲು ಬಂದಳು. ಪಾರ್ಕಿಗೆ ಟಿಕೆಟ್ಟಿಲ್ಲ. ಬಡವರು ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಅನುಕೂಲದ ಜಾಗ ಆ ಊರಿನಲ್ಲಿ ಇನ್ನೊಂದಿರಲಿಲ್ಲ.

ಹುಲುಗಮ್ಮ ಮನೆಮನೆಗೆ ಹೋಗಿ ಜೋಳದ ರೊಟ್ಟಿ ಬಡಿಯುವವಳು. ಅವಳು ಬಡಿದ ರೊಟ್ಟಿ ಹಂಚಿನ ಮೇಲೆ ಉಬ್ಬುವುದನ್ನು ನೋಡಿದವರು ಹಸಿವಿಲ್ಲದಿದ್ದರೂ ಒಂದು ಕೇಳುತ್ತಿದ್ದರು. ಗಂಡ ಗಾದಿಲಿಂಗಪ್ಪ ಹಮಾಲಿ, ಯಾರ ತಂಟೆಗೂ ಹೋಗದ ಮೆತ್ತನೆಯ ಮನುಷ್ಯ. ಮನೆಯ ಸಿಟ್ಟನ್ನೆಲ್ಲ ದೇವರು ಹೆಂಡತಿಯ ಕೈಗೇ ಕೊಟ್ಟು ಕಳಿಸಿದ್ದ. ಅವಳು ಬಹಳ ವರ್ಷ ರೊಟ್ಟಿ ಬಡಿದದ್ದು ಶಾಂತಕುಮಾರಿಯ ಮನೆಯಲ್ಲಿ. ಶಾಂತಕುಮಾರಿ ಎಂದರೆ ಗೊಬ್ಬರದಂಗಡಿ ಸಾಹುಕಾರರ ಹೆಂಡತಿ. ಪಾರ್ಕಿನ ಗೇಟಿಗೆ ಸರಿಯಾಗಿ ಎದುರು, ರಸ್ತೆಯ ಆಚೆ, ಎರಡು ಅಂತಸ್ತಿನ ಮನೆ. ಮೇಲೊಂದು ಬಾಲ್ಕನಿ, ಅದರಲ್ಲೊಂದು ಬೆತ್ತದ ಉಯ್ಯಾಲೆ. ಸಂಜೆ ಅದರಲ್ಲಿ ಕೂತು ಪಾರ್ಕು ನೋಡುತ್ತಾ ಚಹಾ ಕುಡಿಯುವುದು ಆ ಯಜಮಾನಿಯ ಸುಖ.

ಆಗಿದ್ದಿಷ್ಟು. ಹೋದ ವರ್ಷದ ಮಣ್ಣೆತ್ತಿನ ಅಮಾವಾಸ್ಯೆ. ಸಾಹುಕಾರರು ಒಕ್ಕಲುತನ ಬಿಟ್ಟು ಒಂದು ತಲೆಮಾರಾದರೂ ಮಣ್ಣಿನ ಎತ್ತು ಮಾಡಿ ಪೂಜೆ ಮಾಡುವುದನ್ನು ಬಿಟ್ಟಿರಲಿಲ್ಲ. ಸಂಜೆ ಪೂಜೆ ಮುಗಿದ ಮೇಲೆ ಜೋಡೆತ್ತನ್ನು ತಾಟಿನಲ್ಲಿಟ್ಟು ಶಾಂತಕುಮಾರಿ ಹುಲುಗಮ್ಮನ ಕೈಗೆ ಕೊಟ್ಟಳು. ನಮ್ಮ ಕಡೆ ಪೂಜೆಯಾದ ಎತ್ತನ್ನು ಹೊಳೆಗೋ ಬಾವಿಗೋ ಬಿಡುವುದು ಪದ್ಧತಿ. ಕೂಡ್ಲಿಗಿಯಲ್ಲಿ ಹೊಳೆ ಎಲ್ಲಿಂದ ತರುವುದು? ಆ ಬೀದಿಯವರು ಪಾರ್ಕಿನ ದೊಡ್ಡ ಬೇವಿನ ಮರದ ಬುಡದಲ್ಲಿ ಇಟ್ಟು ಕೈ ಮುಗಿಯುತ್ತಾರೆ. ಮಳೆ ಬಂದಾಗ ಬಸವಣ್ಣ ಮಣ್ಣಿಗೆ ಮಣ್ಣಾಗುತ್ತಾನೆ. ಹುಲುಗಮ್ಮ ಸಾಹುಕಾರರ ಎತ್ತೆಂದು ಮರ್ಯಾದೆ ಕೊಟ್ಟು, ಬೇರಿನ ಬುಡದ ಪೊಟರೆಯೊಳಗೆ ಇಟ್ಟು ಬಂದಳು.

ಮಾರನೆಯ ಬೆಳಗ್ಗೆ ರೊಟ್ಟಿ ಮುಗಿಸಿ ಹೊರಟವಳನ್ನು ಶಾಂತಕುಮಾರಿ ಗೇಟಿನಲ್ಲಿ ತಡೆದಳು.

“ಅತ್ತಿ ಬುಗುಡಿ ಒಂದು ಕಾಣವಲ್ದು. ಮನ್ಯಾಗ ನೀನು ಬಿಟ್ರ ಹೊರಗಿನವರು ಯಾರೂ ಬಂದಿಲ್ಲ.”

ಬುಗುಡಿ ಎಂದರೆ ಕಿವಿಯ ಮೇಲಂಚಿಗೆ ಇಡುವ ಬಂಗಾರದ ಒಡವೆ. ಸತ್ತ ಅತ್ತೆಯದು, ಜೋಡಿಯದು.

“ಅವ್ವಾರ, ನಾನು ನಿಮ್ಮ ದೇವರ ಕ್ವಾಣಿ ಹೊಸ್ತಲಾ ದಾಟಿದಾಕಿ ಅಲ್ಲ. ಒಲಿ ಬಿಟ್ಟು ಏನು ಕಂಡೀನಿ?”

“ಮಾತು ಬ್ಯಾಡ. ಉಡಿ ಝಾಡ್ಸು.”

ಉಡಿ! ಅರಿಶಿನ ಕುಂಕುಮ ಹಚ್ಚಿ ಅಕ್ಕಿ, ಕೊಬ್ಬರಿ ತುಂಬುವ ಜಾಗ ಅದು. ತವರಿನಿಂದ ಹೊರಟ ಹೆಣ್ಣುಮಗಳಿಗೆ ಅವ್ವ ತುಂಬಿ ಕಳಿಸುವ ಜಾಗ. ಅದನ್ನು ಬೀದಿಯಲ್ಲಿ, ವಾಕಿಂಗಿನವರು ನಿಂತು ನೋಡುತ್ತಿರುವಾಗ, ಪಾರ್ಕಿನ ಗೇಟಿನ ಬಳಿ ಮಂಡಕ್ಕಿ ಮಿರ್ಚಿ ಮಾರುವ ಚೌಡಕ್ಕ ಬಾಯಿ ತೆರೆದು ನೋಡುತ್ತಿರುವಾಗ, ಹುಲುಗಮ್ಮ ಬಿಚ್ಚಿ ಝಾಡಿಸಬೇಕಾಯಿತು. ಬುಗುಡಿ ಬೀಳಲಿಲ್ಲ. ಎರಡು ರೊಟ್ಟಿ ಬಿದ್ದವು. ಅವಳೇ ಬಡಿದ, ಶಾಂತಕುಮಾರಿಯೇ ಕೊಟ್ಟ ರೊಟ್ಟಿ. ಮಣ್ಣಿಗೆ ಬಿದ್ದ ಅನ್ನವನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು. ಅವಳು ಬಗ್ಗುವುದರೊಳಗೆ ನಾಯಿ ಬಂದು ಒಂದನ್ನು ಎಳೆದುಕೊಂಡು ಹೋಯಿತು.

“ಹೋಗು, ನಾಳಿಂದ ಬರಬ್ಯಾಡ. ಪೊಲೀಸ್ರಿಗೆ ಕೊಡಂಗಿಲ್ಲ. ನಿನ್ನ ಹೊಟ್ಟಿ ಮ್ಯಾಲ ಹೊಡಿಯಾಕ ನನಗ ಮನಸಿಲ್ಲ” ಎಂದಳು ಶಾಂತಕುಮಾರಿ, ದೊಡ್ಡ ಮನಸ್ಸಿನವಳ ಹಾಗೆ. ಕಳ್ಳಿ ಎಂದಿದ್ದಕ್ಕಿಂತ ಆ ದೊಡ್ಡ ಮನಸ್ಸೇ ಹುಲುಗಮ್ಮನ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತು.

ಸುದ್ದಿಗೆ ಕಾಲು ಬೇಕೆ? ವಾರದೊಳಗೆ ಬೇರೆ ಮನೆಗಳವರೂ “ಸ್ವಲ್ಪ ದಿನ ಬ್ಯಾಡ ತಗಾ” ಎಂದರು. ಅವಳು ಮನೆಯಲ್ಲೇ ರೊಟ್ಟಿ ಬಡಿದು ಬಸ್‌ಸ್ಟ್ಯಾಂಡಿನ ಖಾನಾವಳಿಗೆ ಕೊಡತೊಡಗಿದಳು. ಹೊಟ್ಟೆಗೇನೂ ತಾಪತ್ರಯವಾಗಲಿಲ್ಲ. ಆದರೆ ಬೀದಿಯಲ್ಲಿ ಹೋದ ಹೆಸರು ಖಾನಾವಳಿಯಲ್ಲಿ ಸಿಗುವುದಿಲ್ಲ. “ಬಿಡಲೇ, ದೇವರು ನೋಡ್ತಾನ” ಎಂದ ಗಾದಿಲಿಂಗಪ್ಪ. “ದೇವರು ಪುರುಸೊತ್ತಾದಾಗ ನೋಡ್ಲಿ, ಅಲ್ಲೀ ಮಟ ನಾನು ನೋಡ್ಕೋತೀನಿ” ಎಂದು ಹುಲುಗಮ್ಮ ಒಂದು ಸಂಜೆ ಒಳ್ಳೆ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು, ನೇರ ಪಾರ್ಕಿಗೆ ಹೋದಳು. ಬೇವಿನ ಮರದಡಿಯ ಬೆಂಚು ಬಾಲ್ಕನಿಗೆ ಎದುರಾಗಿತ್ತು. ಅದರ ಮೇಲೆ ಕಾಲು ಮಡಚಿ ಕೂತು, ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯನ್ನು ಚೂರು ಚೂರೇ ಮುರಿದು, ಉಯ್ಯಾಲೆಯಲ್ಲಿ ಕೂತವಳನ್ನು ನೋಡುತ್ತಾ ತಿಂದಳು.

ಇದೇನು ಸೇಡು ಎಂದು ನಿಮಗೆ ಅನ್ನಿಸಬಹುದು. ಕಳ್ಳಿ ಎನ್ನಿಸಿಕೊಂಡವಳು ತಲೆ ತಗ್ಗಿಸಿ ಹಿಂದಿನ ಓಣಿಯಲ್ಲಿ ತಿರುಗಾಡಬೇಕು ಎಂಬುದು ಊರಿನ ಲೆಕ್ಕ. ಅವಳು ಎದುರಿಗೆ ಕೂತು ಸುಖವಾಗಿ ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ತೇಗಿದರೆ? ಅದೂ ದಿನಾ? ಮೂರನೆಯ ದಿನಕ್ಕೆ ಶಾಂತಕುಮಾರಿ ಉಯ್ಯಾಲೆಯ ದಿಕ್ಕು ತಿರುಗಿಸಿದಳು. ಹುಲುಗಮ್ಮ ಅವತ್ತು ಚೌಡಕ್ಕನ ಹತ್ತಿರ ಒಂದು ಮಿರ್ಚಿ ಜಾಸ್ತಿ ಕೊಂಡಳು. ಇಡೀ ವರ್ಷದಲ್ಲಿ ಅವಳು ಪಾರ್ಕಿಗಾಗಿ ಮಾಡಿದ ದುಂದು ಖರ್ಚು ಅಂಥ ಮಿರ್ಚಿಗಳದ್ದೇ.

ಪಂಚಮಿ ಬಂತು. ಪಾರ್ಕಿನ ಕಬ್ಬಿಣದ ಜೋಕಾಲಿಗೆ ಓಣಿಯ ಹೆಂಗಸರೆಲ್ಲ ಮುತ್ತಿಕೊಂಡರು. ಹುಲುಗಮ್ಮ ಸೆರಗು ಸಿಕ್ಕಿಸಿ ನಿಂತು ಜೀಕಿದಳು. ಒಂದೊಂದು ಜೀಕಿಗೂ ಕಾಂಪೌಂಡಿನ ಮೇಲಿಂದ ಅವಳ ಮುಖ ಎದ್ದು ಬಾಲ್ಕನಿಯೊಳಗೆ ಇಣುಕಿ ಇಳಿಯುತ್ತಿತ್ತು. ಎದ್ದಾಗಲೆಲ್ಲ ಬೇಕೆಂತಲೇ ಗಟ್ಟಿಯಾಗಿ ನಗುತ್ತಿದ್ದಳು. ಶಾಂತಕುಮಾರಿ ಚಹಾ ಅರ್ಧಕ್ಕೇ ಬಿಟ್ಟು ಒಳಗೆ ಹೋದದ್ದನ್ನು ಬೀದಿಗೆ ಬೀದಿಯೇ ನೋಡಿತು. ಶ್ರಾವಣದ ಜಿನುಗು ಮಳೆಗೆ ತಗಡಿನ ಮಂಟಪದೊಳಗೆ ಕೂತು ಹುರಿದ ಶೇಂಗಾ ತಿಂದಳು. ಸೀತಾಫಲ ಹಣ್ಣಾಗುವ ದಿನಗಳಲ್ಲಿ ಗುಡೇಕೋಟೆ ಕಡೆಯಿಂದ ಬರುವ ಪರಿಚಯದವಳು ಒಡಕಲು ಹಣ್ಣನ್ನು ಸುಮ್ಮನೆ ಕೊಡುತ್ತಿದ್ದಳು. ಅವನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟು, ಬೀಜವನ್ನು ಬಾಲ್ಕನಿಯ ದಿಕ್ಕಿಗೇ ಉಗುಳುತ್ತಾ ತಿಂದಳು. ಬೀಜ ಅಲ್ಲಿಗೆ ಮುಟ್ಟುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು.

ಶಾಂತಕುಮಾರಿ ಸುಮ್ಮನಿರುವ ಹೆಂಗಸಲ್ಲ. ವಾಕಿಂಗಿನವರ ಸಂಘದಲ್ಲಿ ಅವಳದೇ ದೊಡ್ಡ ಗಂಟಲು. “ಪಾರ್ಕಿನಲ್ಲಿ ಊಟ ತಿಂಡಿ ನಿಷೇಧ” ಎಂಬ ಬೋರ್ಡು ಗೇಟಿಗೆ ಬಂದೇ ಬಿಟ್ಟಿತು. ಪಾರ್ಕಿನ ಮಾಲಿ ಬಾಷಾ ಸಂಕೋಚದಿಂದ ಬಂದು ನಿಂತ.

“ಅಕ್ಕಾ, ನನಗ ಹೇಳಾಕ ನಾಚ್ಕಿ ಆಗ್ತೈತಿ. ಒಳಗ ತಿನ್ನಂಗಿಲ್ಲಂತ.”

“ಹೊರಗ ತಿನ್ನಬೌದಲ್ಲ?”

“ಹೊರಗ ಯಾರು ಕೇಳ್ತಾರ?”

ಹುಲುಗಮ್ಮ ಬುತ್ತಿ ಎತ್ತಿಕೊಂಡು ಗೇಟಿನ ಹೊರಗೆ ಚೌಡಕ್ಕನ ತಳ್ಳುಗಾಡಿಯ ಪಕ್ಕ ಚಾಪೆ ಹಾಸಿದಳು. ಬೋರ್ಡಿನ ದೆಸೆಯಿಂದ ಅವಳು ಶಾಂತಕುಮಾರಿಯ ಮನೆಗೆ ಇನ್ನಷ್ಟು ಹತ್ತಿರವಾದಳು. ಚಟ್ನಿಯ ಬೆಳ್ಳುಳ್ಳಿ ವಾಸನೆ ಈಗ ಬಾಲ್ಕನಿಗೇ ಹೋಗುತ್ತಿತ್ತು. ಅಲ್ಲಿ ಚೌಡಕ್ಕನ ಗಿರಾಕಿಗಳೂ ಕೂತರು, ಮಾತು ಬೆಳೆಯಿತು, ನಗೆ ಬೆಳೆಯಿತು. ಕೆಲವೇ ದಿನಗಳಲ್ಲಿ ಬೋರ್ಡನ್ನು ಯಾರೋ ಕಿತ್ತು ಒಳಗಿಟ್ಟರು. ಕಿತ್ತವರು ಯಾರೆಂದು ಬಾಷಾ ಹೇಳಲಿಲ್ಲ. ಕೀಳಿಸಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಚಳಿಗಾಲದಲ್ಲಿ ಅವಳು ಬೆಳಗಿನ ಬಿಸಿಲಿಗೆ ಬಂದಳು. ವ್ಯಾಯಾಮದ ಮಷೀನುಗಳನ್ನು ಏರಿ, ಸೀರೆ ಎತ್ತಿ ಕಟ್ಟಿ, ಗಾಳಿಯಲ್ಲಿ ನಡೆದಳು. ಎಳ್ಳಮಾವಾಸ್ಯೆಗೆ ಹೊಲವಿದ್ದವರು ಭೂಮಿತಾಯಿಯ ಎಡೆಯಾದ ಚರಗವನ್ನು ಹೊಲದಲ್ಲಿ ಚೆಲ್ಲಲು ಹೋದರೆ, ಹೊಲವಿಲ್ಲದ ಹುಲುಗಮ್ಮ ಬೇವಿನ ಮರದ ಸುತ್ತ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಪುಂಡಿಪಲ್ಯ ಹರವಿಕೊಂಡಳು. ಬೇಸಿಗೆಯಲ್ಲಿ ಮಧ್ಯಾಹ್ನ ಪಾರ್ಕಿಗೆ ಬೀಗ. ಬಾಷಾ ಅವಳಿಗಾಗಿ ಹಿಂದಿನ ಬಾಗಿಲು ಓರೆ ಮಾಡಿ ಇಡುತ್ತಿದ್ದ. ಊರು ಕಾದ ಹಂಚಾಗಿರುವಾಗ ನೀರು ಚಿಮುಕಿಸಿದ ನೆಲದ ಮೇಲೆ, ಬೇವಿನ ಹೂವು ಉದುರುತ್ತಿರುವಾಗ, ಸೆರಗು ಮುಖಕ್ಕೆ ಹಾಕಿಕೊಂಡು ಮಲಗುತ್ತಿದ್ದಳು. ಎದುರು ಮನೆಯ ಕಿಟಕಿಗಳು ಮುಚ್ಚಿರುತ್ತಿದ್ದವು. “ಕುದೀಲಿ” ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದಳು. ಸಾಹುಕಾರರು ಹೆಂಡತಿಯನ್ನು ಊಟಿಗೆ ಕರೆದುಕೊಂಡು ಹೋದಾಗ ಮಾತ್ರ ಅವಳಿಗೆ ಆ ವಾರ ಹೇಗೆ ಕಳೆಯಬೇಕೋ ತಿಳಿಯಲಿಲ್ಲ. ಉಂಡ ರೊಟ್ಟಿಗೆ ರುಚಿಯೇ ಇರಲಿಲ್ಲ.

ಇನ್ನೊಂದು ದಿನ ಅದಕ್ಕೆ ತದ್ವಿರುದ್ಧವಾಯಿತು. ಚೌಡಕ್ಕನ ಜೊತೆ ಅದೇನೋ ಹರಟೆಗೆ ಬಿದ್ದು, ನಗುತ್ತಾ ನಗುತ್ತಾ ಸಂಜೆ ಕಳೆದು, ಮನೆ ಮುಟ್ಟಿದ ಮೇಲೆ ನೆನಪಾಯಿತು: ಇವತ್ತು ಬಾಲ್ಕನಿ ಕಡೆ ನೋಡಿಯೇ ಇಲ್ಲ! ತನ್ನ ಮೇಲೇ ಸಿಟ್ಟು ಬಂತು. ಪುಕ್ಕಟೆ ಸುಖ ಮನುಷ್ಯನ ಸಿಟ್ಟನ್ನು ತಿಂದುಬಿಡುತ್ತದೆ ಎಂದು ಅವತ್ತು ಅವಳಿಗೆ ಹೆದರಿಕೆಯಾಯಿತು. ಮಾರನೆಯ ದಿನ ಎರಡು ಪಾಲು ದಿಟ್ಟಿಸಿ ನೋಡಿದಳು.

ಇಷ್ಟೆಲ್ಲ ಮಾಡಿದರೂ ಒಳಗೊಂದು ಉರಿ ಹಾಗೇ ಇತ್ತು. ಎದುರಿನವಳ ಹೊಟ್ಟೆ ಉರಿಸಬಹುದು, ಆದರೆ ಕಳ್ಳಿ ಎಂಬ ಮಾತು ತೊಳೆದುಹೋಗಿರಲಿಲ್ಲ. ಅವಳ ಜೊತೆ ನಗುತ್ತಿದ್ದವರೇ ಅವಳು ಪಕ್ಕದಲ್ಲಿ ಕೂತರೆ ಪರ್ಸನ್ನು ಇನ್ನೊಂದು ಮಗ್ಗುಲಿಗೆ ಸರಿಸುತ್ತಿದ್ದರು. ಅವಳು ನೋಡಿದರೂ ನೋಡದವಳ ಹಾಗಿರುತ್ತಿದ್ದಳು.

ಮತ್ತೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಸಂಜೆ ಹೊಸ ಎತ್ತುಗಳು ಬರುತ್ತವೆಂದು ಬಾಷಾ ಬೆಳಗ್ಗೆ ಬೇವಿನ ಬುಡವನ್ನು ಗುಡಿಸುತ್ತಿದ್ದ. ಹೋದ ವರ್ಷದ ಎತ್ತುಗಳೆಲ್ಲ ಕರಗಿ ಮಣ್ಣಾಗಿದ್ದವು. ಪೊಟರೆಯೊಳಗೆ ಮಳೆ ತಾಗದ ಒಂದು ಜೋಡಿ ಮಾತ್ರ ಗಟ್ಟಿಯಾಗಿ ಒಣಗಿ ಹಾಗೇ ನಿಂತಿತ್ತು, ಕಣ್ಣಿಗೆ ಒತ್ತಿದ ಗುಲಗಂಜಿ ಸಮೇತ. ಬಾಷಾ ಒಂದನ್ನು ಹೊರಗೆ ತೆಗೆದ. ಹಣೆಯ ಮೇಲೆ ದಪ್ಪಗೆ ಮೆತ್ತಿದ್ದ ಕುಂಕುಮದ ಹಕ್ಕಳೆಯ ಒಂದು ಚೂರು ಉದುರಿತು. ಬಿಸಿಲಿಗೆ ಏನೋ ಹೊಳೆಯಿತು.

“ಅಕ್ಕಾ, ಇಲ್ಲಿ ನೋಡ್ರಿ!”

ಹುಲುಗಮ್ಮ ನೋಡಿದಳು. ಬುಗುಡಿ. ಮೊಳೆಯ ಸಮೇತ ಎತ್ತಿನ ಹಣೆಯೊಳಗೆ ಇಳಿದು ಕೂತಿತ್ತು. ಆ ಮನೆಯಲ್ಲಿ ಪೂಜೆಯ ಹೊತ್ತಿಗೆ ಎತ್ತುಗಳ ಹಣೆಗೆ ಅತ್ತೆಯ ಬುಗುಡಿ ಇಟ್ಟು, ಆರತಿಯಾದ ಮೇಲೆ ತೆಗೆಯುತ್ತಾರೆಂದು ಯಾವಾಗಲೋ ಅಡುಗೆಮನೆಯಲ್ಲಿ ಕೂತು ಕೇಳಿದ್ದು ಅವಳಿಗೆ ಈಗ ನೆನಪಾಯಿತು. ಹೋದ ವರ್ಷ ಯಜಮಾನಿ ಒಂದನ್ನು ತೆಗೆದು, ಇನ್ನೊಂದನ್ನು ಕುಂಕುಮದಡಿ ಮರೆತು, ತಾಟಿನಲ್ಲಿಟ್ಟು, ತನ್ನ ಕೈಯಾರೆ ಹುಲುಗಮ್ಮನ ಕೈಗೆ ಕೊಟ್ಟಿದ್ದಳು. ವರ್ಷಪೂರ್ತಿ ಅದು ಈ ಬೆಂಚಿನಿಂದ ಒಂದು ಕೈಯಳತೆಯಲ್ಲಿ ಇತ್ತು.

ಮೊದಲು ಬಂದದ್ದು ಖುಷಿಯಲ್ಲ, ಹೆದರಿಕೆ. ಒಡವೆಯನ್ನು ಮನೆಯಿಂದ ಹೊರಗೆ ತಂದವಳು ತಾನೇ. ಸಿಕ್ಕದ್ದು ತಾನು ದಿನಾ ಕೂರುವ ಜಾಗದಲ್ಲೇ. ಒಂದು ಬೆರಳು ತಾಗಿಸಿದರೂ ಮುಗಿಯಿತು, “ಕದ್ದು ಮುಚ್ಚಿಟ್ಟಿದ್ಲು, ಹೆದರಿ ತಂದುಕೊಟ್ಲು” ಎನ್ನುತ್ತಾರೆ.

“ಸುಮ್ನ ಅವರ ಬಾಗಲಾಗ ಕೊಟ್ಟು ಬಂದ್ರ ಮುಗೀತಲ್ಲಕ್ಕಾ? ನಾನಾ ಕೊಡ್ತೀನಿ” ಎಂದ ಬಾಷಾ.

“ಬಾಗಲಾಗ ಕೊಟ್ರ ಬಾಗಲಾಗಾ ಮುಗೀತೈತಿ ಬಾಷಾ. ನನ್ನ ಉಡಿ ಝಾಡ್ಸಿದ್ದು ಬೀದ್ಯಾಗ. ಹೆಂಗಿತ್ತೋ ಹಂಗಾ ಒಳಗಿಡು. ಸಂಜಿ ಮಟ ಯಾರೂ ಮುಟ್ಟಬಾರ್ದು, ನಾನೂ ಮುಟ್ಟಂಗಿಲ್ಲ.”

ಅವತ್ತು ಅವಳು ರೊಟ್ಟಿ ಬಡಿದ ಸದ್ದು ಓಣಿಯ ತುದಿಗೂ ಕೇಳಿತಂತೆ. ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡಳು. ಮದುವೆಗೆಂದು ಎತ್ತಿಟ್ಟಿದ್ದ ಇಳಕಲ್ ಸೀರೆ ಉಟ್ಟಳು. ಗಾದಿಲಿಂಗಪ್ಪ “ಯಾರ ಮದಿವಿಲೇ?” ಎಂದು ಕೇಳಿದ. “ನನ್ನ ಹೆಸರಿಂದು” ಎಂದು ಹೊರಟಳು.

ಸಂಜೆ ಬೀದಿಯ ಹೆಂಗಸರು ತಾಟು ಹಿಡಿದು ಬಂದರು. ಒಬ್ಬೊಬ್ಬರೂ ಬೇವಿನ ಬುಡದಲ್ಲಿ ಎತ್ತು ಇಟ್ಟು ಕೈ ಮುಗಿದರು. ಹುಲುಗಮ್ಮನನ್ನು ಬಿಡಿಸಿದ ಮೇಲೆ ಶಾಂತಕುಮಾರಿಯ ಮನೆಯಲ್ಲಿ ಯಾರೂ ಕೆಲಸಕ್ಕೆ ನಿಂತಿರಲಿಲ್ಲ. ಅವಳೇ ತಾಟು ಹಿಡಿದು ಬರಬೇಕಾಯಿತು. ಬೆಂಚಿನ ಕಡೆ ನೋಡದೆ, ಮೂಗು ಮೇಲೆ ಮಾಡಿಕೊಂಡು ಬಂದಳು. ಎತ್ತು ಇಡಲು ಬಗ್ಗಿದಳು.

“ಅವ್ವಾರ” ಎಂದಳು ಹುಲುಗಮ್ಮ, ಎದ್ದು ನಿಂತು. ವರ್ಷದ ಮೇಲೆ ಮೊದಲ ಮಾತು. “ಹೊಸ ಬಸವಣ್ಣನ್ನ ಇಡೂದಕ್ಕಿಂತ ಮೊದಲು ಹಳೇ ಬಸವಣ್ಣನ್ನ ತಗೊಳ್ರಿ. ನಿಮ್ಮವಾ ಅದಾವ, ಪೊಟರ‍್ಯಾಗ. ಗುಲಗಂಜಿ ಕಣ್ಣು ನೋಡ್ರಿ, ಗುರ್ತು ಸಿಗತೈತಿ. ಬಾಷಾ, ದೇವರ್ನ ಅವ್ವಾರ ಉಡ್ಯಾಗ ಹಾಕು.”

ದೇವರದು ಎಂದರೆ ಸೆರಗು ಒಡ್ಡದ ಹೆಂಗಸು ನಮ್ಮ ಕಡೆ ಇಲ್ಲ. ಕೈ ತಾನೇ ಮುಂದಾಗುತ್ತದೆ. ಶಾಂತಕುಮಾರಿ ತಾಟನ್ನು ಕೆಳಗಿಟ್ಟು, ಯೋಚಿಸುವುದರೊಳಗೆ ಸೆರಗು ಒಡ್ಡಿಬಿಟ್ಟಳು. ಬಾಷಾ ಒಣಗಿದ ಎತ್ತನ್ನು ಅದರೊಳಗೆ ಇಟ್ಟ. ಅವಳು ಕೆಳಗೆ ನೋಡಿದಳು. ಹಣೆ ನೋಡಿದಳು. ಮುಖದ ಬಣ್ಣ ಇಳಿದುಹೋಯಿತು.

ಸುತ್ತಲಿನವರೂ ನೋಡಿದರು. “ಅಯ್ಯ, ಬುಗುಡಿ!” ಎಂದಿತು ಒಂದು ದನಿ.

“ಇವಳಾ... ಇವಳಾ ತಂದಿದ್ದು ಎತ್ತು!” ಎಂದಳು ಶಾಂತಕುಮಾರಿ.

“ಹೌದ್ರಿ, ನಾನಾ ತಂದಿದ್ದು. ನೀವು ತಾಟಿನ್ಯಾಗ ಇಟ್ಟು ಕೊಟ್ರಿ, ನಾನು ತಂದು ಇಟ್ಟೆ. ನಿಮ್ಮ ಬಂಗಾರನ್ನ ನಿಮ್ಮ ಕೈಲೇ ನನ್ನ ತಲಿ ಮ್ಯಾಲ ಹೊರಿಸಿದ್ರಿ.”

“ಆಮ್ಯಾಲ ಚುಚ್ಚಿಟ್ಟಿರಬೇಕು...”

ಮಂಡಕ್ಕಿ ಗಾಡಿ ಬಿಟ್ಟು ಬಂದಿದ್ದ ಚೌಡಕ್ಕ ಅಷ್ಟರಲ್ಲಿ ಬಾಯಿ ಹಾಕಿದಳು. “ಒಣಗಿದ ಮಣ್ಣಿಗೆ ಮೊಳಿ ಇಳೀತೈತೇನವ್ವಾ? ಅದರ ಮ್ಯಾಲ ನಿನ್ನ ಪೂಜಿ ಕುಂಕುಮ ಕುಂತೈತಿ. ನಾವೂ ಎತ್ತು ಮಾಡಿದವರಾ ಅದೀವಿ.”

ಹೆಂಗಸರ ಕಣ್ಣುಗಳೆಲ್ಲ ಹುಲುಗಮ್ಮನ ಮೇಲಿಂದ ಎದ್ದು ಶಾಂತಕುಮಾರಿಯ ಮೇಲೆ ಹೋಗಿ ಕೂತವು. ಒಂದು ವರ್ಷ ತಾನು ಹೊತ್ತಿದ್ದ ಆ ನೋಟದ ಭಾರ ಇನ್ನೊಬ್ಬಳ ಹೆಗಲಿಗೆ ಇಳಿಯುವುದನ್ನು ಹುಲುಗಮ್ಮ ಕಣ್ತುಂಬ ನೋಡಿದಳು. ಅಲ್ಲಿಗೆ ಬಿಡಬಹುದಿತ್ತು. ಅವಳು ಬಿಡಲಿಲ್ಲ. ಬಿಡಬೇಕಿತ್ತು ಎನ್ನುವವರು ಒಂದು ಸಲ ಬೀದಿಯಲ್ಲಿ ನಿಂತು ತಮ್ಮ ಉಡಿ ಝಾಡಿಸಿ ಬರಲಿ, ಆಮೇಲೆ ಮಾತಾಡೋಣ.

“ಆತು, ಹೋಗ್ಲಿ ಬಿಡು” ಎಂದಳು ಶಾಂತಕುಮಾರಿ, ದನಿ ತಗ್ಗಿಸಿ. “ನಾಳಿಂದ ಕೆಲಸಕ್ಕ ಬಾ. ಪಗಾರ ಜಾಸ್ತಿ ಮಾಡ್ತೀನಿ.” ಸೆರಗನ್ನು ಎತ್ತಿನ ಸಮೇತ ಒಟ್ಟುಮಾಡಿ ಎದೆಗೆ ಒತ್ತಿಕೊಂಡು ಹೊರಡಲು ತಿರುಗಿದಳು.

“ಹಂಗಾ ಒಯ್ಯಬ್ಯಾಡ್ರಿ. ಕಳಿಸಿದ ಬಸವಣ್ಣನ್ನ ಮನಿಗೆ ಹೊಳ್ಳಿ ಒಯ್ಯಬಾರ್ದು. ಮಣ್ಣು ಮಣ್ಣಿಗಾ ಬೀಳಬೇಕು.” ಹುಲುಗಮ್ಮ ದಾರಿಗೆ ಅಡ್ಡ ನಿಂತಳು. “ಉಡಿ ಝಾಡ್ಸ್ರಿ.”

ಶಾಂತಕುಮಾರಿ ಸುತ್ತ ನೋಡಿದಳು. ವಾಕಿಂಗ್ ಸಂಘದವರು ಇದ್ದರು, ಗೊಬ್ಬರದಂಗಡಿಯ ಗಿರಾಕಿಗಳ ಹೆಂಡಂದಿರಿದ್ದರು. ಎಲ್ಲರ ಕಣ್ಣೂ ಅವಳ ಸೆರಗಿನ ಮೇಲಿತ್ತು.

“ಝಾಡ್ಸವ್ವ” ಎಂದಳು ಚೌಡಕ್ಕ. “ಹ್ವಾದ ವರ್ಷ ಆಕಿದು ನೋಡಿದ್ವಿ. ನಿಂದೂ ನೋಡ್ತೀವಿ.”

ಅವಳು ಝಾಡಿಸಿದಳು. ಎತ್ತು ಬೇವಿನ ಬೇರಿಗೆ ಬಡಿದು ನುಚ್ಚುನೂರಾಯಿತು. ಬುಗುಡಿ ಪುಟಿದು, ಹಿಂದಿನ ದಿನದ ಮಳೆಗೆ ರಾಡಿಯಾಗಿದ್ದ ಹುಲ್ಲಿನ ನಡುವೆ ಎಲ್ಲೋ ಬಿತ್ತು. ಬಾಷಾ ಬಗ್ಗಲು ಹೋದ. ಹುಲುಗಮ್ಮ ಕಣ್ಣಲ್ಲೇ ತಡೆದಳು. ಗೊಬ್ಬರದಂಗಡಿ ಸಾಹುಕಾರರ ಹೆಂಡತಿ ರೇಷ್ಮೆ ಸೀರೆಯಲ್ಲಿ ಮೊಣಕಾಲೂರಿ, ಎರಡೂ ಕೈಯಲ್ಲಿ ರಾಡಿ ಬಗೆಯತೊಡಗಿದಳು.

ಹುಲುಗಮ್ಮ ಬೆಂಚಿನ ಮೇಲೆ ಕಾಲು ಮಡಚಿ ಕೂತಳು. ಬುತ್ತಿ ಬಿಚ್ಚಿ ಒಂದು ರೊಟ್ಟಿಯನ್ನು ಚೌಡಕ್ಕನಿಗೆ, ಒಂದನ್ನು ಬಾಷಾನಿಗೆ ಕೊಟ್ಟಳು. ತನ್ನದನ್ನು ಚೂರು ಮುರಿದು ಚಟ್ನಿಗೆ ಒತ್ತಿದಳು.

“ಅವಸರ ಮಾಡಬ್ಯಾಡ್ರಿ ಅವ್ವಾರ, ನಿಧಾನಕ್ಕ ಹುಡುಕ್ರಿ” ಎಂದಳು. “ಇಲ್ಲಿ ಎಷ್ಟೊತ್ತು ಇದ್ರೂ ರೊಕ್ಕ ಕೇಳಂಗಿಲ್ಲ.”